ಅಮೆರಿಕದ ಸಿಟಿಗಳ ಸ್ಕೈಲೈನ್‌ಗೆ ರ‍್ಯಾಂಕ್ ಕೊಡೋದು ಹೇಗೆ? ಫ್ಯಾಮಿಲಿ ಗ್ರೂಪಲ್ಲಿ ಜಗಳಕ್ಕೆ ಇಳಿಯೋ ಮುಂಚೆ ಓದ್ಕೊಳ್ಳಿ

ಬೆಂಗಳೂರಲ್ಲಿ ಯಾವ ಮನೆ ಬಾಗಿಲು ತಟ್ಟಿದ್ರೂ ಒಬ್ರು ಅಮೆರಿಕದಲ್ಲಿ ಇರ್ತಾರೆ, ಒಬ್ರದ್ದು ಡಲ್ಲಾಸ್, ಇನ್ನೊಬ್ರದ್ದು ಸಿಯಾಟಲ್, ಮತ್ತೊಬ್ರದ್ದು ಜರ್ಸಿ ಸಿಟಿ, ಎಲ್ರೂ ಅವರವರ ಊರಿನ ಬಿಲ್ಡಿಂಗ್ ಸಾಲಿನ ಫೋಟೋ ಹಾಕಿ ನಮ್ದೇ ಟಾಪ್ ಅಂತಾರೆ. ಆ ಫೋಟೋ ನೋಡ್ಕೊಂಡು ರ‍್ಯಾಂಕ್ ಕೊಟ್ರೆ ನೀವು ಊರಿಗೆ ಕೊಟ್ಟಂಗಾಗಲ್ಲ, ಫೋಟೋ ತೆಗ್ದವನ ಲೆನ್ಸಿಗೆ ಕೊಟ್ಟಂಗಾಗುತ್ತೆ. ಹಂಗಾಗಿ ಮೊದಲನೇ ರೂಲು ಇದು: ಒಂದು ಗೊತ್ತಾದ ಜಾಗದಲ್ಲಿ ನಿಂತ್ರೆ ಏನು ಕಾಣುತ್ತೋ ಆ ನೋಟಕ್ಕೆ ಮಾರ್ಕ್ಸು, ಆ ಊರಲ್ಲಿ ಒಟ್ಟು ಏನೇನಿದೆ ಅನ್ನೋದಕ್ಕಲ್ಲ. ಇದೊಂದನ್ನ ಗಟ್ಟಿಯಾಗಿ ಹಿಡ್ಕೊಂಡ್ರೆ ಅರ್ಧ ಜಗಳ ಅಲ್ಲೇ ಮುಗಿಯುತ್ತೆ.

ಜಾಗ ಹುಡುಕೋಕೆ ಟಿಕೆಟ್ ಬುಕ್ ಮಾಡ್ಬೇಕಿಲ್ಲ, ಜಯನಗರದಲ್ಲಿ ಕೂತ್ಕೊಂಡೇ ಮಾಡ್ಬೋದು. ಗೂಗಲ್ ಅರ್ಥ್ ಓಪನ್ ಮಾಡಿ, ತ್ರೀಡಿ ಬಿಲ್ಡಿಂಗ್ ಆನ್ ಮಾಡಿ, ಕ್ಯಾಮೆರಾನ ಆದಷ್ಟು ನೆಲಕ್ಕೆ ಇಳಿಸಿ, ಯಾಕಂದ್ರೆ ಡ್ರೋನ್ ಎತ್ತರದಿಂದ ಎಲ್ಲಾ ಊರೂ ಚೆನ್ನಾಗೇ ಕಾಣುತ್ತೆ. ಶಿಕಾಗೋಗೆ ಲೇಕ್ ಮಿಶಿಗನ್ ಒಳಗೆ ಚಾಚ್ಕೊಂಡಿರೋ ಆಡ್ಲರ್ ಪ್ಲಾನೆಟೇರಿಯಂ ಮುಂದೆ ನಿಲ್ಲಿ. ಪಿಟ್ಸ್‌ಬರ್ಗ್‌ಗೆ ಮೌಂಟ್ ವಾಷಿಂಗ್ಟನ್ ಮೇಲಿನ ಗ್ರ್ಯಾಂಡ್‌ವ್ಯೂ ಅವೆನ್ಯೂ. ಅಟ್ಲಾಂಟಾಗೆ ಜಾಕ್ಸನ್ ಸ್ಟ್ರೀಟ್ ಬ್ರಿಡ್ಜ್. ಸ್ಯಾನ್ ಫ್ರಾನ್ಸಿಸ್ಕೋಗೆ ಟ್ರೆಷರ್ ಐಲೆಂಡ್. ನ್ಯೂಯಾರ್ಕಿಗೆ ಒಂದೇ ಜಾಗ ಸಾಲಲ್ಲ, ಮಿಡ್‌ಟೌನ್ ನೋಡೋಕೆ ನದಿ ಆಚೆ ನ್ಯೂಜರ್ಸಿಯ ವೀಹಾಕನ್‌ನಲ್ಲಿರೋ ಹ್ಯಾಮಿಲ್ಟನ್ ಪಾರ್ಕ್, ಡೌನ್‌ಟೌನ್ ನೋಡೋಕೆ ಬ್ರೂಕ್ಲಿನ್ ಹೈಟ್ಸ್. ಪ್ರತಿ ಊರಿಗೂ ಇನ್ನೊಂದು ಜಾಗ ಬೇಕೇ ಬೇಕು, ಎಲ್ರೂ ಫೋಟೋ ತೆಗೆಯೋ ಜಾಗಕ್ಕಿಂತ ಪೂರ್ತಿ ಬೇರೆ ದಿಕ್ಕಿಂದ, ಏಕೆ ಅಂತ ಸಿಯಾಟಲ್ ನೋಡಿದ್ರೆ ಗೊತ್ತಾಗುತ್ತೆ.

ಸಿಯಾಟಲ್ ಫೋಟೋ ಅಂದ್ರೆ ಅದು ಕೆರಿ ಪಾರ್ಕ್‌ದು ಅಂತ ಕಣ್ಣು ಮುಚ್ಕೊಂಡು ಹೇಳ್ಬೋದು. ಮಧ್ಯದಲ್ಲಿ ಸ್ಪೇಸ್ ನೀಡಲ್ ಅನ್ನೋ ಗೋಪುರ ಎಲ್ಲಕ್ಕಿಂತ ಎತ್ತರಕ್ಕೆ ನಿಂತಿರುತ್ತೆ, ಹಿಂದೆ ಡೌನ್‌ಟೌನ್ ಚಿಕ್ಕದಾಗಿ, ಬಲಗಡೆ ಮೌಂಟ್ ರೇನಿಯರ್. ಆದ್ರೆ 1962ರ ವರ್ಲ್ಡ್ ಫೇರ್‌ಗೆ ಕಟ್ಟಿದ ಸ್ಪೇಸ್ ನೀಡಲ್ ಎತ್ತರ ಬರೀ 184 ಮೀಟರು, ಹಿಂದೆ ಪಾಪದ ಥರ ಕಾಣೋ ಕೊಲಂಬಿಯಾ ಸೆಂಟರ್ 284 ಮೀಟರು. ಗೂಗಲ್ ಅರ್ಥ್‌ನ ರೂಲರ್ ತಗೊಂಡು ಅಳೀರಿ, ಪಾರ್ಕಿಂದ ನೀಡಲ್‌ಗೆ ಹತ್ತತ್ರ ಒಂದೂಕಾಲು ಕಿಲೋಮೀಟರು, ಕೊಲಂಬಿಯಾ ಸೆಂಟರ್‌ಗೆ ಮೂರೂವರೆ. ಎತ್ತರನ ದೂರದಿಂದ ಭಾಗಿಸಿ: ಒಂದಕ್ಕೆ 147, ಇನ್ನೊಂದಕ್ಕೆ 81. ಅಂದ್ರೆ 100 ಮೀಟರ್ ಗಿಡ್ಡ ಇರೋದು ಕಣ್ಣಿಗೆ ಸುಮಾರು 1.8 ಪಟ್ಟು ದೊಡ್ಡದಾಗಿ ಕಾಣ್ತಿದೆ! ಈ ಭಾಗಾಕಾರನ ಯಾವ ಫೋಟೋಗೆ ಬೇಕಾದ್ರೂ ಹಾಕಿ ನೋಡಿ, ಯಾರು ಎಲ್ಲಿ ನಿಂತು ಆಟ ಆಡಿದಾರೆ ಅಂತ ಸಿಕ್ಕಿಬೀಳುತ್ತೆ. ಸಿಯಾಟಲ್‌ನ ನಿಜವಾದ ಅಗಲ ನೋಡ್ಬೇಕು ಅಂದ್ರೆ ವೆಸ್ಟ್ ಸಿಯಾಟಲ್‌ನ ಆಲ್ಕೈ ಬೀಚ್ ಕಡೆಗೆ ಹೋಗಿ, ನೀರಿನಾಚೆ ಡೌನ್‌ಟೌನ್ ಉದ್ದಕ್ಕೆ ಮಲಗಿರುತ್ತೆ, ನೀಡಲ್ ಎಡಗಡೆ ಒಂದು ಮೂಲೇಲಿ ಸಣ್ಣದಾಗಿ. ಅಲ್ಲಿಂದಲೂ ಚೆನ್ನಾಗೇ ಇದೆ, ಅದಕ್ಕೇ ನಾನು ಅದಕ್ಕೆ ಮಾರ್ಕ್ಸ್ ಕಟ್ ಮಾಡಲ್ಲ.

ಈಗ ಎತ್ತರದ ವಿಷ್ಯ. ಇಲ್ಲಿ ಜನ ಎಡವೋದು ಚೂಪು ತುದಿ ವಿಷ್ಯದಲ್ಲಿ. ಎತ್ತರದ ಬಿಲ್ಡಿಂಗ್‌ಗಳ ಲೆಕ್ಕ ಇಡೋಕೆ ಅಂತ ಶಿಕಾಗೋದಲ್ಲೇ ಒಂದು ಕೌನ್ಸಿಲ್ ಇದೆ, ಸಿಟಿಬಿಯುಎಚ್ ಅಂತ, ಅವರ ಪ್ರಕಾರ ಸ್ಪೈರ್ (ಬಿಲ್ಡಿಂಗ್ ಡಿಸೈನಿನದ್ದೇ ಭಾಗವಾದ ಚೂಪು ತುದಿ) ಆದ್ರೆ ಎತ್ತರಕ್ಕೆ ಸೇರುತ್ತೆ, ಆಂಟೆನಾ ಆದ್ರೆ ಸೇರಲ್ಲ. 2013ರಲ್ಲಿ ನ್ಯೂಯಾರ್ಕಿನ ಒನ್ ವರ್ಲ್ಡ್ ಟ್ರೇಡ್ ಸೆಂಟರ್ ಮೇಲಿರೋ ಕಂಬ ಸ್ಪೈರೇ ಅಂತ ಅವರು ತೀರ್ಪು ಕೊಟ್ರು, ಅದಕ್ಕೆ 541 ಮೀಟರ್, ಅಂದ್ರೆ 1776 ಅಡಿ, ಅವರ ಸ್ವಾತಂತ್ರ್ಯದ ವರ್ಷ ನೋಡಿ, ಬೇಕು ಅಂತಲೇ ಇಟ್ಟಿದ್ದು. ಆದ್ರೆ ಅದರ ರೂಫ್ ಇರೋದು 417ಕ್ಕೆ. ಶಿಕಾಗೋದ ವಿಲ್ಲಿಸ್ ಟವರ್ ರೂಫ್ 442. ಅದರ ಮೇಲಿರೋ ಎರಡು ಬಿಳಿ ಆಂಟೆನಾ ತುದಿ 527ಕ್ಕೆ ಹೋದ್ರೂ ಪಾಪ ಲೆಕ್ಕಕ್ಕಿಲ್ಲ. ಶಿಕಾಗೋದವರಿಗೆ ಈ ವಿಷ್ಯ ಎತ್ತಿದ್ರೆ ಇವತ್ತಿಗೂ ಉರಿಯುತ್ತೆ. ನೀವು ಆ ಪಂಚಾಯ್ತಿಗೇ ಹೋಗ್ಬೇಡಿ, ಸ್ಕೈಲೈನ್ ಹೋಲಿಸೋಕೆ ರೂಫ್ ಎತ್ತರ ತಗೊಳ್ಳಿ ಸಾಕು, ಕಂಬ ಆಂಟೆನಾ ಎಲ್ಲಾ ಶೇಪಿನ ಮಾರ್ಕ್ಸಿಗೆ ಬಿಡಿ.

ಲೆಕ್ಕ ಹಾಕೋದಾದ್ರೆ 150 ಮೀಟರ್ ದಾಟಿರೋವು ಎಷ್ಟು ಅಂತ ಎಣಿಸೋದು ವಾಡಿಕೆ. ನಮ್ಮ ಎಂಜಿ ರೋಡಿನ 25 ಫ್ಲೋರಿನ ಯುಟಿಲಿಟಿ ಬಿಲ್ಡಿಂಗ್ ಅದರಲ್ಲಿ ಬರೋದೇ ಇಲ್ಲ, ಅಂದಾಜು ಸಿಗ್ಲಿ ಅಂತ ಹೇಳ್ದೆ. ನ್ಯೂಯಾರ್ಕಲ್ಲಿ ಅಂಥವು 300ಕ್ಕೂ ಹೆಚ್ಚು, ಶಿಕಾಗೋದಲ್ಲಿ 130 ದಾಟಿದೆ, ಮೂರನೇದು ಎಷ್ಟೋ ಜನ ಊಹೆ ಮಾಡದ ಮಯಾಮಿ. ಆದ್ರೆ ಬರೀ ನಂಬರ್ ಇಟ್ಕೊಂಡು ಕೂತ್ರೆ ಕೆಲ್ಸ ಆಗಲ್ಲ, ಅವು ಎಲ್ಲಿ ನಿಂತಿವೆ ಅನ್ನೋದು ಮುಖ್ಯ. ಹ್ಯೂಸ್ಟನ್ ನೋಡಿ. ಅಲ್ಲಿ ಏರಿಯಾಗೆ ಇಂಥದ್ದೇ ಕಟ್ಬೇಕು ಅನ್ನೋ ಝೋನಿಂಗ್ ಕಾನೂನೇ ಇಲ್ಲ, ಡೌನ್‌ಟೌನಲ್ಲಿ 305 ಮೀಟರಿನ ಜೆಪಿಮಾರ್ಗನ್ ಚೇಸ್ ಟವರ್ ಇದ್ರೆ, ಹತ್ತು ಕಿಲೋಮೀಟರ್ ಆಚೆ ಅಪ್‌ಟೌನಲ್ಲಿ 275 ಮೀಟರಿನ ವಿಲಿಯಮ್ಸ್ ಟವರ್ ಒಂಟಿಯಾಗಿ ನಿಂತಿದೆ, ದಕ್ಷಿಣಕ್ಕೆ ಮೆಡಿಕಲ್ ಸೆಂಟರ್‌ದು ಬೇರೇನೇ ಒಂದು ಗುಂಪು. ಮೂರನ್ನೂ ಒಂದೇ ಕಡೆ ಇಟ್ಟಿದ್ರೆ ಎಲ್ಲಿಗೋ ಹೋಗ್ತಿತ್ತು ಆ ಊರು. ಅಟ್ಲಾಂಟಾ ಕಥೆನೂ ಹಂಗೇ, ಡೌನ್‌ಟೌನ್, ಮಿಡ್‌ಟೌನ್, ಬಕ್‌ಹೆಡ್ ಅಂತ ಪೀಚ್‌ಟ್ರೀ ರೋಡುದ್ದಕ್ಕೂ ಹಂಚಿಹೋಗಿದೆ. ನಾವು ಬೆಂಗಳೂರಿನೋರು ಇದಕ್ಕೆ ನಗೋ ಹಂಗಿಲ್ಲ ಬಿಡಿ, ನಮ್ದು ಯಶವಂತಪುರದಲ್ಲೊಂದಿಷ್ಟು, ಬನ್ನೇರುಘಟ್ಟ ರೋಡಲ್ಲೊಂದಿಷ್ಟು, ಹೆಬ್ಬಾಳದಲ್ಲೊಂದಿಷ್ಟು. ಪ್ರಾಕ್ಟೀಸ್ ಬೇಕಿದ್ರೆ ಲಾಲ್‌ಬಾಗ್ ಬಂಡೆ ಹತ್ತಿ ಸುತ್ತ ತಿರುಗಿ ಗುಂಪು ಯಾವ್ದು ಒಂಟಿ ಯಾವ್ದು ಅಂತ ಗುರುತಿಸಿ, ಕಣ್ಣು ಪಳಗುತ್ತೆ.

ನ್ಯೂಯಾರ್ಕಿಗೂ ಈ ಪ್ರಾಬ್ಲಂ ಇದೆ ಅಂದ್ರೆ ಜನ ಒಪ್ಪಲ್ಲ, ಆದ್ರೆ ಇದೆ. ಮಿಡ್‌ಟೌನಿನ ಎಂಪೈರ್ ಸ್ಟೇಟ್ ಬಿಲ್ಡಿಂಗಿಂದ ಡೌನ್‌ಟೌನಿನ ಒನ್ ವರ್ಲ್ಡ್ ಟ್ರೇಡ್ ಸೆಂಟರ್‌ಗೆ ನೇರ ಗೆರೆ ಎಳೆದ್ರೆ ನಾಲ್ಕೂವರೆ ಕಿಲೋಮೀಟರ್, ಹೆಚ್ಚುಕಮ್ಮಿ ಎಂಜಿ ರೋಡಿಂದ ಲಾಲ್‌ಬಾಗ್ ವೆಸ್ಟ್ ಗೇಟಿಗೆ ಇರೋವಷ್ಟು. ಎರಡು ಬೆಟ್ಟ, ಮಧ್ಯೆ ಒಂದು ಕಣಿವೆ.

ನನಗೆ ಎಲ್ಲಕ್ಕಿಂತ ಇಷ್ಟದ ಪರೀಕ್ಷೆ ಪೆನ್ಸಿಲ್‌ದು. ಸ್ಕ್ರೀನ್ ಮೇಲೆ ತೆಳು ಪೇಪರ್ ಇಟ್ಟು ಬಿಲ್ಡಿಂಗ್‌ಗಳ ಮೇಲಿನ ಗೆರೆ ಮಾತ್ರ ಎಡದಿಂದ ಬಲಕ್ಕೆ ಎಳೀರಿ, ಕಿಟಕಿ ಬೇಡ ಬಣ್ಣ ಬೇಡ, ಆಮೇಲೆ ಅದನ್ನ ಅಲ್ಲಿ ಹೋಗಿ ಬಂದಿರೋ ಯಾರಿಗಾದ್ರೂ ತೋರ್ಸಿ ಯಾವೂರು ಹೇಳಿ ಅಂತ ಕೇಳಿ. ಆಡ್ಲರ್ ಮುಂದಿಂದ ಶಿಕಾಗೋ ಎಳೆದ್ರೆ ಎಡಗಡೆ ಮೆಟ್ಟಿಲು ಮೆಟ್ಟಿಲಾಗಿ ಏರೋ ವಿಲ್ಲಿಸ್ ಟವರ್ ಬರುತ್ತೆ. ಆ ಮೆಟ್ಟಿಲು ಚಂದಕ್ಕೆ ಮಾಡಿದ್ದಲ್ಲ, ಢಾಕಾ ಕಡೆಯ ಎಂಜಿನಿಯರ್ ಫಝ್ಲುರ್ ರೆಹಮಾನ್ ಖಾನ್ ಒಂಬತ್ತು ಚೌಕಾಕಾರದ ಟ್ಯೂಬುಗಳನ್ನ ಒಟ್ಟಿಗೆ ಕಟ್ಟಿ ನಿಲ್ಸಿದ್ರು, ಗಾಳಿ ಹೊಡೆತ ತಡೆಯೋಕೆ, ಅದರಲ್ಲಿ ಒಂದೊಂದೇ ಟ್ಯೂಬ್ ಬೇರೆ ಬೇರೆ ಎತ್ತರದಲ್ಲಿ ನಿಂತು ಹೋಗುತ್ತೆ, ಕೊನೆಗೆ ಮೇಲಿನ ತನಕ ಉಳಿಯೋದು ಎರಡೇ. ಅಲ್ಲಿಂದ ಗೆರೆ ಇಳಿದು, ಬಲಕ್ಕೆ ಬರ್ತಾ ಬಿಳೀ ಏಯಾನ್ ಸೆಂಟರ್, ಆಮೇಲೆ ಅಲೆ ಅಲೆ ಅಂಚಿನ 363 ಮೀಟರ್ ಸೇಂಟ್ ರೀಜಿಸ್, ಅದರ ಹತ್ರದಲ್ಲೇ ಹಿಂದೆ ಹ್ಯಾನ್‌ಕಾಕ್. ಮೇಲಕ್ಕೆ ಹೋದಂಗೆ ಕಿರಿದಾಗೋ ಮೈ, ತಲೆ ಮೇಲೆ ಎರಡು ಕೊಂಬು, ಅದೂ ಖಾನ್ ಅವರದ್ದೇ ಕೈಚಳಕ, 1969. ಗೆರೆ ಏರುತ್ತೆ, ಉಸಿರು ತಗೊಳುತ್ತೆ, ಮತ್ತೆ ಏರುತ್ತೆ. ಮಿಡ್‌ಟೌನ್ ಮ್ಯಾನ್‌ಹಟ್ಟನ್ ಎಳೆದ್ರೆ ಮೊದಲು ಪೆನ್ಸಿಲ್‌ಗೆ ಬಿಡುವೇ ಸಿಗಲ್ಲ, ಆಮೇಲೆ 57ನೇ ಸ್ಟ್ರೀಟ್ ಹತ್ರ ಬಂದ್ರೆ ಸೀದಾ ಮೇಲೆ ಸೀದಾ ಕೆಳಗೆ, ಊದಿನಕಡ್ಡಿ ಸಿಗಿಸಿದಂಗೆ. ಅಲ್ಲಿನ ಸ್ಟೈನ್‌ವೇ ಟವರ್ 435 ಮೀಟರು, ಅದರ ಅಗಲಕ್ಕಿಂತ ಎತ್ತರ 24 ಪಟ್ಟು! ಎಂಜಿನಿಯರಿಂಗ್‌ಗೆ ಸಲಾಂ, ಆದ್ರೆ 1930ರ ಕ್ರೈಸ್ಲರ್ ಬಿಲ್ಡಿಂಗಿನ ಕಿರೀಟದಂಥ ತುದಿನ ಇಂಥವೆಲ್ಲಾ ಸೇರಿ ನುಂಗಿ ಹಾಕ್ತಿದಾವೆ ಅನ್ಸುತ್ತೆ ನನಗೆ.

ಇದರ ಜೊತೆಗೇ ಹೆಬ್ಬೆಟ್ಟಿನ ಪರೀಕ್ಷೆ ಒಂದು ಮಾಡಿ, ಎಲ್ಲಕ್ಕಿಂತ ಫೇಮಸ್ ಟವರ್‌ನ ಹೆಬ್ಬೆಟ್ಟಲ್ಲಿ ಮುಚ್ಚಿ ಮಿಕ್ಕಿದ್ದು ನೋಡಿ. ಡಲ್ಲಾಸಲ್ಲಿ ರಿಯೂನಿಯನ್ ಟವರ್‌ನ ಗುಂಡು ಮುಚ್ಚಿದ್ರೆ ಹಗಲಲ್ಲಿ ತುಂಬ ಏನೂ ಉಳಿಯಲ್ಲ (ಡಲ್ಲಾಸ್ ಭಾವನವರೇ, ಕೋಪ ಮಾಡ್ಕೋಬೇಡಿ, ರಾತ್ರಿ ವಿಷ್ಯ ಮುಂದೆ ಬರುತ್ತೆ). ಲಾಸ್ ವೇಗಸ್ ಅಂತೂ ಕೇಳೋದೇ ಬೇಡ.

ಒಂದು ಊರಿನ ಗೆರೆ ಯಾಕೆ ಹಂಗಿದೆ ಅಂತ ಗೊತ್ತಿದ್ರೆ ಮಾರ್ಕ್ಸ್ ಹಾಕೋವಾಗ ಕೈ ಸ್ವಲ್ಪ ನಿಧಾನ ಆಗುತ್ತೆ, ಅದಕ್ಕೇ ಹೇಳ್ತೀನಿ. ಲಾಸ್ ಏಂಜಲೀಸ್ ಬಿಲ್ಡಿಂಗ್‌ಗಳ ತಲೆ ಬಹುಪಾಲು ಚಪ್ಪಟೆ, ಯಾಕಂದ್ರೆ 1974ರಿಂದ 2014ರವರೆಗೂ ಎತ್ತರದ ಬಿಲ್ಡಿಂಗ್ ಮೇಲೆ ಹೆಲಿಕಾಪ್ಟರ್ ಇಳಿಯೋ ಜಾಗ ಇರಲೇಬೇಕು ಅಂತ ರೂಲ್ ಇತ್ತು. ರಾಜಧಾನಿ ವಾಷಿಂಗ್ಟನ್ ಡಿಸಿಯಲ್ಲಿ 1910ರ ಕಾನೂನು, ರೋಡಿನ ಅಗಲ ನೋಡಿ ಬಿಲ್ಡಿಂಗ್ ಎತ್ತರ, ಹಂಗಾಗಿ ಅದನ್ನ ಈ ಲಿಸ್ಟಿಂದ ಹೊರಗಿಟ್ಬಿಡಿ, ಅದು ಬೇರೆ ಆಟ. ಫಿಲಡೆಲ್ಫಿಯಾದಲ್ಲಿ ಕಾನೂನೇ ಇರ್ಲಿಲ್ಲ, ಸಿಟಿ ಹಾಲ್ ಮೇಲಿರೋ, ಊರು ಸ್ಥಾಪಿಸಿದ ವಿಲಿಯಂ ಪೆನ್ ಪ್ರತಿಮೆ ಟೋಪಿಗಿಂತ ಎತ್ತರ ಯಾರೂ ಕಟ್ಟಬಾರ್ದು ಅಂತ ಬಾಯಿಮಾತಿನ ಒಪ್ಪಂದ ಅಷ್ಟೇ, 1987ರಲ್ಲಿ ಒನ್ ಲಿಬರ್ಟಿ ಪ್ಲೇಸ್ ಅದನ್ನ ಮುರೀತು. ಆಮೇಲೆ ಊರಿನ ಟೀಮುಗಳು ವರ್ಷಗಟ್ಟಲೆ ಕಪ್ ಗೆಲ್ಲದೆ ಹೋದಾಗ ಅದು ಪೆನ್ ಶಾಪ ಅಂತ ಜನ ನಂಬಿದ್ರು, 2007ರಲ್ಲಿ ಹೊಸ ಕಾಮ್‌ಕ್ಯಾಸ್ಟ್ ಸೆಂಟರ್ ತುದಿಗೆ ಪುಟಾಣಿ ಪೆನ್ ಪ್ರತಿಮೆ ಅಂಟಿಸಿದ್ರು, 2008ರಲ್ಲಿ ಊರಿನ ಬೇಸ್‌ಬಾಲ್ ಟೀಮು ಫಿಲ್ಲೀಸ್ ಗೆದ್ದೇಬಿಡ್ತು! ಆರ್‌ಸಿಬಿಯವರಿಗೆ ಯಾರೂ ಆಗ ಈ ಐಡಿಯಾ ಕೊಡ್ಲಿಲ್ಲ ನೋಡಿ.

ಹಿನ್ನೆಲೆಗೆ ಧಾರಾಳವಾಗಿ ಮಾರ್ಕ್ಸ್ ಕೊಡಿ. ನೀರಿದ್ರೆ ಅರ್ಧ ಗೆದ್ದಂಗೆ, ಮುಂದೆ ಅಡ್ಡ ಏನೂ ಇರಲ್ಲ, ಬುಡದಿಂದ ತುದಿ ತನಕ ಕಾಣುತ್ತೆ. ಇದರಲ್ಲಿ ಪಿಟ್ಸ್‌ಬರ್ಗ್‌ನ ಮೀರ್ಸೋರು ಇಲ್ಲ, ಬಿಲ್ಡಿಂಗ್ ಕಡಿಮೆ, ಅತಿ ಎತ್ತರದ ಯುಎಸ್ ಸ್ಟೀಲ್ ಟವರ್ ಕೂಡ 256 ಮೀಟರ್ ಅಷ್ಟೇ, ಆದ್ರೆ ಎರಡು ನದಿ ಸೇರಿ ಓಹಾಯೋ ಆಗೋ ಮೂಲೇಲಿ ಎಲ್ಲಾ ಒತ್ತೊತ್ತಾಗಿ ನಿಂತಿವೆ, ಎದುರಿಗೇ ಬೆಟ್ಟ, 1877ರಿಂದ ಓಡ್ತಿರೋ ಡ್ಯುಕೇನ್ ಇನ್‌ಕ್ಲೈನ್ ಅನ್ನೋ ಹಳೇ ಹಗ್ಗದ ಗಾಡೀಲಿ ಹತ್ತಿ ನೋಡ್ಬೋದು. ಲಾಸ್ ಏಂಜಲೀಸ್ ಹಿಂದೆ ಹಿಮದ ಬೆಟ್ಟ ಗೋಡೆ ಥರ ನಿಂತಿರೋ ಫೋಟೋ ಕಳ್ಸಿದ್ರೆ ಮಾತ್ರ ಹುಷಾರು, ಬೆಟ್ಟ ಇರೋದು ನಿಜ, ಆದ್ರೆ ಉದ್ದ ಲೆನ್ಸ್ ಅದನ್ನ ಹತ್ರ ಎಳ್ಕೊಂಡು ಬಂದಿರುತ್ತೆ.

ರಾತ್ರಿಗೆ ಲೈವ್ ವೆಬ್‌ಕ್ಯಾಮ್ ನೋಡಿ, ನಮಗಂತೂ ಟೈಮಿಂಗ್ ಸಖತ್ತಾಗಿದೆ. ಅವರ ಬೇಸಿಗೇಲಿ ಶಿಕಾಗೋ ರಾತ್ರಿ 8:30 ಅಂದ್ರೆ ನಮ್ಮ ಬೆಳಿಗ್ಗೆ 7, ಕಾಫಿ ಹಿಡ್ಕೊಂಡು ಕೂತ್ರೆ ಸೂರ್ಯ ಮುಳುಗಿ ಆಕಾಶ ಕಡುನೀಲಿ ಆಗೋ ಹೊತ್ತು ಸಿಗುತ್ತೆ, ಎಲ್ಲಾ ಊರನ್ನೂ ಆ ಹೊತ್ತಲ್ಲೇ ಹೋಲಿಸಿ. ಪೂರ್ತಿ ಕತ್ತಲಾದ್ಮೇಲೆ ನೋಡಿದ್ರೆ ಗೆರೆನೇ ಕಾಣಲ್ಲ. ಇನ್ನೊಂದು ವಿಷ್ಯ, ಹಕ್ಕಿಗಳು ವಲಸೆ ಹೋಗೋ ಸೀಸನಲ್ಲಿ ಶಿಕಾಗೋದಂಥ ಊರುಗಳಲ್ಲಿ ತಡರಾತ್ರಿ ಅಲಂಕಾರದ ಲೈಟ್ ಆರಿಸ್ತಾರೆ, ಅದನ್ನ ನೋಡಿ ಮಂಕು ಅಂತ ಮಾರ್ಕ್ಸ್ ಕಡಿಮೆ ಮಾಡ್ಬೇಡಿ. ಡಲ್ಲಾಸ್ ಎದ್ದು ನಿಲ್ಲೋದು ಇಲ್ಲೇ, 281 ಮೀಟರಿನ ಬ್ಯಾಂಕ್ ಆಫ್ ಅಮೆರಿಕಾ ಪ್ಲಾಝಾ ಅಂಚಿಗೆಲ್ಲಾ ಹಸಿರು ಲೈಟು, ಪಕ್ಕದಲ್ಲಿ ಮಿನುಗೋ ಗುಂಡು.

ನಾನು ಮಾರ್ಕ್ಸ್ ಹಾಕೋದು ಹಿಂಗೆ: ಮೇಲಿನ ಗೆರೆಗೆ 30, ಒತ್ತೊತ್ತಾಗಿರೋದಕ್ಕೆ 25, ಹಿನ್ನೆಲೆಗೆ 20, ರಾತ್ರಿಗೆ 15, ಎರಡನೇ ಜಾಗದಿಂದ ನೋಡಿದ್ರೂ ನಿಲ್ಲುತ್ತಾ ಅನ್ನೋದಕ್ಕೆ 10. ಈ ಲೆಕ್ಕದಲ್ಲಿ ನನಗೆ ಶಿಕಾಗೋ ಫಸ್ಟು, ನ್ಯೂಯಾರ್ಕ್ ಕೂದಲೆಳೆ ಅಂತರದಲ್ಲಿ ಸೆಕೆಂಡು, ಆಮೇಲೆ ಸಿಯಾಟಲ್, ಪಿಟ್ಸ್‌ಬರ್ಗ್, ಸ್ಯಾನ್ ಫ್ರಾನ್ಸಿಸ್ಕೋ. ಸ್ಯಾನ್ ಫ್ರಾನ್ಸಿಸ್ಕೋ ಇನ್ನೂ ಮೇಲೆ ಹೋಗ್ತಿತ್ತು, 1972ರ ಟ್ರಾನ್ಸ್‌ಅಮೆರಿಕಾ ಪಿರಮಿಡ್ ಅನ್ನೋ ಚೂಪು ಟವರಿನ ಪಕ್ಕಕ್ಕೆ 326 ಮೀಟರಿನ ದುಂಡುತಲೆ ಸೇಲ್ಸ್‌ಫೋರ್ಸ್ ಟವರ್ ನಿಂತ್ಮೇಲೆ ಗೆರೆಯ ಮಜಾ ಕಮ್ಮಿ ಆಯ್ತು. ಆರನೇದು ಫಿಲಡೆಲ್ಫಿಯಾ, ಏಳು ಮಯಾಮಿ. ಸಂಖ್ಯೆಯಲ್ಲಿ ಮೂರನೇದು ಇಷ್ಟು ಕೆಳಗಾ ಅಂದ್ರೆ, ಏರ್‌ಪೋರ್ಟ್ ಹತ್ರ ಇರೋದ್ರಿಂದ ಅಲ್ಲಿ ಎತ್ತರಕ್ಕೆ ಮಿತಿ, ಎಲ್ಲಾ ಹೆಚ್ಚುಕಮ್ಮಿ ಒಂದೇ ಎತ್ತರಕ್ಕೆ ನಿಂತು ಗೆರೆ ಸಪ್ಪೆ ಆಗುತ್ತೆ. ನಿಮಗೆ ನೀರು, ಬೀಚು ಮುಖ್ಯ ಅಂದ್ರೆ ಹಿನ್ನೆಲೆಗೆ 30 ಕೊಟ್ಕೊಳ್ಳಿ, ಯಾರೂ ಬೇಡ ಅನ್ನಲ್ಲ, ಆದ್ರೆ ಊರಿಂದ ಊರಿಗೆ ರೂಲ್ ಬದಲಾಯಿಸ್ಬೇಡಿ.

ಟೈ ಆದ್ರೆ ಎರಡರದ್ದೂ ಪೆನ್ಸಿಲ್ ಗೆರೆ ಪಕ್ಕಪಕ್ಕ ಇಟ್ಟು, ಅಲ್ಲಿಗೆ ಹೋಗೇ ಇಲ್ಲದವರಿಗೆ ತೋರ್ಸಿ, ಅರ್ಧ ಗಂಟೆ ಬಿಟ್ಟು ಯಾವ್ದು ನೆನಪಿಂದ ಬಿಡಿಸ್ತಾರೋ ಅದು ಮೇಲೆ. ಇನ್ನು ಕಂಪ್ಯೂಟರಲ್ಲಿ ಬಿಡಿಸಿರೋ ಚಿತ್ರ ನೋಡಿ ಮಾರ್ಕ್ಸ್ ಹಾಕೋದು ಬೇಡವೇ ಬೇಡ, ಓಕ್ಲಹಾಮಾ ಸಿಟಿಯಲ್ಲಿ 1907 ಅಡಿದು ಕಟ್ತೀವಿ ಅಂತ ಪ್ಲಾನ್ ಹೊರಗೆ ಬಂದಾಗ ಎಷ್ಟೋ ಜನ ಆಗ್ಲೇ ಅದನ್ನ ಮೇಲೆ ಕೂರ್ಸಿದ್ರು, ನೆಲದಲ್ಲಿ ನಿಂತಿರೋದನ್ನ ಮಾತ್ರ ಎಣಿಸಿ. ಮತ್ತೆ ಲಿಸ್ಟಿನ ಮೇಲೆ ತಾರೀಖು ಬರೀರಿ, ಆಸ್ಟಿನ್ ಥರದ ಊರು ಇದ್ರೆ ಹಳೇ ಲಿಸ್ಟ್ ಬೇಗ ಹಳಸುತ್ತೆ, ಅಲ್ಲಿ ವಾಟರ್‌ಲೈನ್ ಟವರ್ ಎದ್ದು ಹ್ಯೂಸ್ಟನ್ ಕೈಯಿಂದ ಟೆಕ್ಸಸ್‌ನ ಅತಿ ಎತ್ತರದ್ದು ಅನ್ನೋ ಪಟ್ಟನೇ ಕಿತ್ಕೊಂಡಿದೆ.