ಬಾಳೆಸಿಪ್ಪೆ ಹೋಯಿತು, ಚಾಕೊಲೇಟ್ ಕವರ್ ಉಳಿಯಿತು

ಪುಟ್ಟ ಮಕ್ಕಳಿಗೆ ಪರಿಸರದ ಪಾಠ ಶುರು ಮಾಡಿದ ವರ್ಷ ನಾನು ಮೊದಲ ದಿನವೇ ಎಡವಿದೆ. ಕರಗುವ ಹಿಮದ ಮೇಲೆ ಒಂಟಿಯಾಗಿ ನಿಂತ ಹಿಮಕರಡಿಯ ಚಿತ್ರ ತೋರಿಸಿದ್ದೆ. ನಾಲ್ಕು ವರ್ಷದ ಹುಡುಗಿಯೊಬ್ಬಳು "ಟೀಚರ್, ಅದರ ಅಮ್ಮ ಎಲ್ಲಿ?" ಎಂದಳು. ಆಮೇಲೆ ಮನೆಗೆ ಹೋಗುವವರೆಗೂ ನನ್ನ ಕೈ ಬಿಡಲಿಲ್ಲ. ಆ ವಯಸ್ಸಿಗೆ ನಾಡಿದ್ದು ಎಂಬುದೇ ಮಸುಕು. ಐವತ್ತು ವರ್ಷದಾಚೆಯ ಮಾತು ಹೇಳಿದರೆ ಉಳಿಯುವುದು ಹೆದರಿಕೆ ಮಾತ್ರ. ಚಿತ್ರವನ್ನು ಅಂದೇ ತೆಗೆದಿಟ್ಟೆ.

ಮುಂದಿನ ಪೀಳಿಗೆಯ ಅಗತ್ಯಕ್ಕೆ ಕುತ್ತು ತರದೆ ಇಂದಿನ ಅಗತ್ಯ ಪೂರೈಸಿಕೊಳ್ಳಬೇಕು ಎಂದು 1987ರಲ್ಲಿ ವಿಶ್ವಸಂಸ್ಥೆಯ ಬ್ರಂಟ್‌ಲ್ಯಾಂಡ್ ಆಯೋಗ ಹೇಳಿತು. ಇದನ್ನು ಮಕ್ಕಳ ಬಾಯಿಗೆ ತರುವುದು ಹೇಗೆಂದು ಬಹಳ ಯೋಚಿಸಿದೆ. ಕೊನೆಗೆ ಸಿಕ್ಕಿದ್ದು ‘ಸಾಕು’ ಎಂಬ ಪದ. ಕೈ ತೊಳೆಯಲು ಇಷ್ಟು ನೀರು ಸಾಕು. ಎರೆಹುಳುಗಳನ್ನು ನಾವೇ ಸಾಕೋಣ. ಮಿತಿಯೂ ಆರೈಕೆಯೂ ಒಂದೇ ಪದದಲ್ಲಿವೆ. ಇದಕ್ಕೆ ದೊಡ್ಡವರು ಬಳಸುವ ‘ಸುಸ್ಥಿರತೆ’ ಎಂಬ ಪದವನ್ನು ತರಗತಿಯಲ್ಲಿ ನಾನು ಉಚ್ಚರಿಸುವುದೇ ಇಲ್ಲ.

ನನ್ನ ನೆಚ್ಚಿನ ಪಾಠ ಗಾಜಿನ ಜಾಡಿಯದು. ತೋಟದ ಮಣ್ಣನ್ನೇ ತುಂಬಬೇಕು, ಸೂಕ್ಷ್ಮಜೀವಿಗಳಿರುವುದು ಅಲ್ಲಿ. ಹೊರಗಿನಿಂದ ಕಾಣುವಂತೆ ಬಾಳೆಸಿಪ್ಪೆ, ಒಣ ಎಲೆ, ಪತ್ರಿಕೆಯ ಚೂರು, ಚಾಕೊಲೇಟ್ ಕವರ್ ಇವನ್ನು ಗಾಜಿಗೆ ಒತ್ತಿ ಹೂತೆವು. ಮಣ್ಣು ಹಿಂಡಿದ ಸ್ಪಂಜಿನಷ್ಟು ತೇವವಿರಬೇಕು. ಬಾಯಿಗೆ ತೆಳು ಬಟ್ಟೆ ಕಟ್ಟಿದೆ. ಬೂಷ್ಟು ಉಸಿರಿಗೆ ಹೋಗಬಾರದೆಂದು ಅದನ್ನು ಬಿಚ್ಚುವ ಕೆಲಸ ನನ್ನದೇ. ಪ್ರತಿ ಸೋಮವಾರ ಮಕ್ಕಳು ಜಾಡಿಯ ಮುಂದೆ ಕೂತು ಕಂಡದ್ದರ ಚಿತ್ರ ಬರೆಯುತ್ತಿದ್ದರು. ಆ ಚಿತ್ರಗಳನ್ನು ಸಾಲಾಗಿ ಗೋಡೆಗೆ ಅಂಟಿಸಿದಾಗ, ಕಾಲ ಸರಿಯುವುದು ಅವರ ಕಣ್ಣಿಗೆ ಕಂಡಿತು.

ಎರಡನೇ ವಾರ ಜಾಡಿ ನಾರತೊಡಗಿತು. ಯಾರೋ ಪ್ರೀತಿಯಿಂದ ಬಟ್ಟೆಯ ಮೇಲೆಯೇ ನೀರು ಸುರಿದಿದ್ದರು. ಮಣ್ಣಿನಲ್ಲಿ ಗಾಳಿಗೆ ಜಾಗ ಉಳಿದಿರಲಿಲ್ಲ. ಪುಡಿ ಮಾಡಿದ ಒಣ ಎಲೆ ಬೆರೆಸಿ, ಕೆದಕಿ, ಗಾಳಿಯಾಡಲು ಬಿಟ್ಟೆವು. ಕೆಲವೇ ದಿನಗಳಲ್ಲಿ ವಾಸನೆ ಇಳಿಯಿತು. "ಅದಕ್ಕೂ ಉಸಿರು ಬೇಕು" ಎಂದು ಒಬ್ಬ ಎಲ್ಲರಿಗೂ ಹೇಳಿಕೊಂಡು ಓಡಾಡಿದ.

ಸೋರುವ ನಲ್ಲಿಯ ಕೆಳಗೆ ಬಕೆಟ್ ಇಟ್ಟು, ನೀರು ಏರಿದಂತೆ ಬಳಪದಿಂದ ಗೆರೆ ಎಳೆದೆವು. ಹನಿಯೊಂದು ಕಾಲು ಮಿಲಿಲೀಟರ್ ಎಂದಿಟ್ಟುಕೊಂಡರೆ, ಸೆಕೆಂಡಿಗೊಂದು ಹನಿ ಬಿದ್ದರೂ ದಿನಕ್ಕೆ ಸುಮಾರು 20 ಲೀಟರ್. ಮಕ್ಕಳಿಗೆ ಈ ಲೆಕ್ಕ ಬೇಕಿಲ್ಲ, ಗೆರೆ ಸಾಕು. ಆ ನೀರು ಗಿಡಗಳಿಗೆ ಹೋಯಿತು, ನಲ್ಲಿ ರಿಪೇರಿಯಾಯಿತು.

‘ಕಸದಿಂದ ರಸ’ ಮಾತ್ರ ನಿಲ್ಲಿಸಿದೆ. ಕರಕುಶಲಕ್ಕೆಂದು ಬಾಟಲಿ ತರಲು ಹೇಳಿದ್ದಕ್ಕೆ ಕೆಲವು ಮನೆಯವರು ಹೊಸದನ್ನೇ ಕೊಂಡು, ಖಾಲಿ ಮಾಡಿ ಕಳಿಸಿದ್ದರು. ಅದರಿಂದ ಮಾಡಿದ ಹೂವು ವಾರದೊಳಗೆ ಕಸದ ಬುಟ್ಟಿ ಸೇರಿತು. ಮುರಿದ ಆಟಿಕೆಯನ್ನು ಮಕ್ಕಳೆದುರು ಅಂಟು ಹಾಕಿ ಸರಿಪಡಿಸುವುದು ಇದಕ್ಕಿಂತ ಎಷ್ಟೋ ಮೇಲು.

ವರ್ಷದ ಕೊನೆಗೆ ಜಾಡಿ ಸುರಿದಾಗ ಬಾಳೆಸಿಪ್ಪೆ ಸಿಗಲೇ ಇಲ್ಲ, ಎಲೆಯ ನರಗಳಷ್ಟೇ ಸಿಕ್ಕವು. ಕವರ್ ಮಾತ್ರ ಹಾಗೇ ಇತ್ತು. "ಇದು ಯಾವಾಗ ಮಣ್ಣಾಗುತ್ತೆ?" ಎಂದರು. "ನಾನು ಅಜ್ಜಿಯಾದರೂ ಆಗಲ್ಲ" ಎಂದೆ. ಅದನ್ನು ತೊಳೆದಿಟ್ಟಿದ್ದೇನೆ. ಪ್ರತಿ ವರ್ಷ ಹೊಸ ಮಕ್ಕಳ ಜಾಡಿಗೆ ಅದೇ ಕವರ್ ಹಾಕುತ್ತೇನೆ. ಅದರ ಮೇಲಿನ ಅಕ್ಷರಗಳನ್ನು ಈಗಲೂ ಓದಬಹುದು.