ಸಿ1 ಅಡ್ವಾನ್ಸ್ಡ್ ಪರೀಕ್ಷೆಗೆ ವಿಜಯಪುರದಲ್ಲೇ ಓದಿದೆ

ಹೊರದೇಶದಲ್ಲಿ ಎಂ.ಎಸ್ಸಿ ಮಾಡಬೇಕು ಅಂದರೆ ನಮ್ಮ ಕಡೆ ಎಲ್ಲರ ಬಾಯಲ್ಲೂ ಬರುವುದು ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆ. ನಾನು ಬರೆದದ್ದು ಅಂಥದ್ದೇ ಇನ್ನೊಂದು ಇಂಗ್ಲಿಷ್ ಪರೀಕ್ಷೆ, ಕೇಂಬ್ರಿಜ್‌ನ ಸಿ1 ಅಡ್ವಾನ್ಸ್ಡ್. ಐಇಎಲ್‌ಟಿಎಸ್ ಅಂಕವನ್ನು ವಿಶ್ವವಿದ್ಯಾಲಯಗಳು ಸಾಮಾನ್ಯವಾಗಿ 2 ವರ್ಷ ಮಾತ್ರ ಒಪ್ಪುತ್ತವೆ. ಕೇಂಬ್ರಿಜ್ ಸರ್ಟಿಫಿಕೇಟಿಗೆ ಅಂಥ ಅವಧಿ ಇಲ್ಲ. ಸ್ಕಾಲರ್‌ಶಿಪ್ ಸಿಗುವವರೆಗೆ ಕಾಯಲೇಬೇಕಿದ್ದ ನನಗೆ ಇದು ದೊಡ್ಡ ವಿಷಯ. ಆದರೆ ಕೆಲವು ವಿಶ್ವವಿದ್ಯಾಲಯಗಳು ತಮ್ಮದೇ ಮಿತಿ ಹಾಕುತ್ತವೆ, ಅರ್ಜಿಗೆ ಮೊದಲು ಅದನ್ನು ನೋಡಿಕೊಳ್ಳಿ.

ಹತ್ತನೇ ತರಗತಿವರೆಗೆ ನನ್ನದು ಕನ್ನಡ ಮಾಧ್ಯಮ. ಡಿಗ್ರಿಯಲ್ಲಿ ಇಂಗ್ಲಿಷ್ ಪುಸ್ತಕ ಓದಿ ಅರ್ಥ ಮಾಡಿಕೊಳ್ಳುವುದು ರೂಢಿಯಾಗಿತ್ತು. ಇಂಗ್ಲಿಷಿನಲ್ಲಿ ನನ್ನದೇ ವಾದ ಕಟ್ಟಿ ಬರೆಯುವುದು ಬೇರೆಯೇ ಕೆಲಸ. ಈ ಪರೀಕ್ಷೆ ನೋಡುವುದೂ ಅದನ್ನೇ.

ಬರವಣಿಗೆಯ ಪತ್ರಿಕೆಗೆ 90 ನಿಮಿಷ. ಬರೆಯಬೇಕಾದದ್ದು ಎರಡು, ಪ್ರತಿಯೊಂದೂ 220ರಿಂದ 260 ಪದ. ಮೊದಲನೆಯದು ಪ್ರಬಂಧ, ಅದು ಕಡ್ಡಾಯ. ಮೂರು ಅಂಶ ಕೊಟ್ಟಿರುತ್ತಾರೆ, ಎರಡನ್ನು ಆರಿಸಿಕೊಂಡು ಯಾವುದು ಹೆಚ್ಚು ಮುಖ್ಯ ಅಂತ ಕಾರಣ ಕೊಟ್ಟು ಹೇಳಬೇಕು. ಎರಡನೆಯದಕ್ಕೆ ಪತ್ರ, ವರದಿ, ವಿಮರ್ಶೆ, ಪ್ರಸ್ತಾವ (ಪ್ರಪೋಸಲ್) ಇಂಥವುಗಳಲ್ಲಿ ಒಂದನ್ನು ಆರಿಸಿಕೊಳ್ಳಬಹುದು.

ಅಭ್ಯಾಸದ ಪುಸ್ತಕಗಳಲ್ಲಿ ಬರುವ ವಿಷಯಗಳು ನನಗೆ ದೂರದವು. ಲಂಡನ್ನಿನ ಮ್ಯೂಸಿಯಂ ಬಗ್ಗೆ ನಾನೇನು ಬರೆಯಲಿ? ಹಾಗಾಗಿ ವಿಷಯವನ್ನು ನಮ್ಮೂರಿಗೆ ತಂದುಕೊಂಡೆ. ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರಿಗೆ ಕೋಲ್ಡ್ ಸ್ಟೋರೇಜ್ ಯಾಕೆ ಬೇಕು ಅಂತ ಒಂದು ಪ್ರಸ್ತಾವ. ಗೋಳಗುಮ್ಮಟ ನೋಡಲು ಬರುವವರಿಗೆ ಇರುವ ಸೌಲಭ್ಯದ ಮೇಲೆ ಒಂದು ವರದಿ. ಬೇಸಿಗೆಯಲ್ಲಿ ನೀರು ಉಳಿಸಲು ಹನಿ ನೀರಾವರಿಯೋ, ಕೆರೆ ತುಂಬಿಸುವುದೋ ಅಂತ ಒಂದು ಪ್ರಬಂಧ. ಹೇಳಲು ಮಾತಿದ್ದಾಗ ಇಂಗ್ಲಿಷ್ ತಾನೇ ಹುಡುಕಿಕೊಂಡು ಬರುತ್ತದೆ. ಕೋಚಿಂಗ್‌ಗಳಲ್ಲಿ ಬಾಯಿಪಾಠ ಮಾಡಿಸುವ ರೆಡಿಮೇಡ್ ಸಾಲುಗಳಿಗಿಂತ ಇದು ಸಾವಿರ ಪಾಲು ಮೇಲು ಅಂತ ನಾನು ಖಂಡಿತವಾಗಿ ಹೇಳುತ್ತೇನೆ.

ಬರೆದದ್ದನ್ನು ಮರುದಿನ ನಾನೇ ತಿದ್ದುತ್ತಿದ್ದೆ. ಪರೀಕ್ಷಕರು ನೋಡುವುದು ನಾಲ್ಕು: ಕೇಳಿದ್ದಕ್ಕೆ ಉತ್ತರ ಇದೆಯೇ, ಓದುವವರಿಗೆ ತಕ್ಕ ಧಾಟಿ ಇದೆಯೇ, ಜೋಡಣೆ ಹೇಗಿದೆ, ಭಾಷೆ ಹೇಗಿದೆ. ನಾಲ್ಕಕ್ಕೂ ಸಮಾನ ಅಂಕ. ಅಂದರೆ ವ್ಯಾಕರಣ ಸಂಬಂಧದ ಅಂಕ ಕಾಲು ಭಾಗ ಅಷ್ಟೇ! ಇದು ಗೊತ್ತಾದ ಮೇಲೆ ನನ್ನ ಅರ್ಧ ಭಯ ಹೋಯಿತು.

ಓದುವ ಪತ್ರಿಕೆಗೂ 90 ನಿಮಿಷ, 56 ಪ್ರಶ್ನೆ. ಅದರಲ್ಲಿ ಒಂದು ವಾಕ್ಯ ಕೊಟ್ಟು, ಜೊತೆಗೆ ಕೊಟ್ಟ ಒಂದು ಪದವನ್ನು ಬದಲಿಸದೆ ಬಳಸಿ, 3ರಿಂದ 6 ಪದಗಳಲ್ಲಿ ಅದೇ ಅರ್ಥದ ಇನ್ನೊಂದು ವಾಕ್ಯ ಪೂರ್ತಿ ಮಾಡಿಸುವ ಭಾಗ ತುಂಬಾ ಬಿಗಿ. ಇದಕ್ಕೆ ಪದಪಟ್ಟಿ ಸಾಲದು. ದಿನಾ ಓದುವ ಲೇಖನದಿಂದ ಎರಡು ವಾಕ್ಯ ತೆಗೆದುಕೊಂಡು ಬೇರೆ ರೀತಿಯಲ್ಲಿ ಬರೆದು ನೋಡುತ್ತಿದ್ದೆ. ಕೇಳುವ ಪರೀಕ್ಷೆ ಸುಮಾರು 40 ನಿಮಿಷ, ಪ್ರತಿ ಧ್ವನಿಯನ್ನೂ ಎರಡು ಸಲ ಕೇಳಿಸುತ್ತಾರೆ. ಅದಕ್ಕೆ ರೇಡಿಯೊ ಸಾಕಾಯಿತು.

ಮಾತಿನ ಪರೀಕ್ಷೆಯಲ್ಲಿ ಒಬ್ಬರೇ ಕೂರುವುದಿಲ್ಲ. ಇಬ್ಬರು ಅಭ್ಯರ್ಥಿಗಳು, ಇಬ್ಬರು ಪರೀಕ್ಷಕರು, 15 ನಿಮಿಷ. ಮೂರು ಫೋಟೊ ಕೊಟ್ಟು, ಎರಡನ್ನು ಹೋಲಿಸಿ ಒಂದು ನಿಮಿಷ ಮಾತಾಡಿ ಅನ್ನುತ್ತಾರೆ. ನಾನು ಮತ್ತು ನನ್ನ ಗೆಳೆಯ ಸಂಜೆ ಗೋಳಗುಮ್ಮಟದ ಹತ್ತಿರ ಕೂತು, ಮೊಬೈಲಿನಲ್ಲಿರುವ ಫೋಟೊ ತೆಗೆದು ಇದನ್ನೇ ಮಾಡುತ್ತಿದ್ದೆವು. ಒಂದರಲ್ಲಿ ಸಂತೆಯಲ್ಲಿ ತರಕಾರಿ ಮಾರುವ ಅಜ್ಜಿ, ಇನ್ನೊಂದರಲ್ಲಿ ಬ್ಯಾಂಕಿನ ಕೌಂಟರ್. ಯಾರಾದರೂ ಬಟ್ಟೆಯ ಬಣ್ಣ ಹೇಳಲು ಹೊರಟರೆ ಇನ್ನೊಬ್ಬರು ತಡೆಯುತ್ತಿದ್ದೆವು: "ಬರೇ ಕಾಣಿಸಿದ್ದು ಹೇಳಬ್ಯಾಡೋ, ಆಕಿ ಮನಸ್ಸಿನ್ಯಾಗ ಏನಿರಬಹುದು ಅದನ್ನ ಹೇಳು." ಪರೀಕ್ಷೆ ಕೇಳುವುದು ಊಹೆ ಮತ್ತು ಕಾರಣವನ್ನೇ. ಇನ್ನೊಂದು ಭಾಗದಲ್ಲಿ ಇಬ್ಬರೂ ಚರ್ಚಿಸಿ ಒಂದು ತೀರ್ಮಾನಕ್ಕೆ ಬರಲು ನೋಡಬೇಕು. ಜೊತೆಗಾರರ ಮಾತು ಕೇಳಿ, ಅದಕ್ಕೆ ಸೇರಿಸಿ ಮುಂದುವರಿಸುವುದಕ್ಕೆ ಅಲ್ಲಿ ಬೆಲೆ. ಉಚ್ಚಾರ ಸ್ಪಷ್ಟವಾಗಿದ್ದರೆ ಆಯಿತು, ಬ್ರಿಟಿಷರ ಹಾಗೆ ನಾಲಗೆ ತಿರುಗಿಸಬೇಕಿಲ್ಲ.

ಪರೀಕ್ಷೆ ಬರೆಯಲು ಗೋಲ್ ಗುಂಬಜ್ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋದೆ. ಹಿಂದಿನ ದಿನವೇ ತಲುಪುವುದು ಒಳ್ಳೆಯದು.

ಕೊನೆಗೆ ಅಂಕದ ಮಾತು, ಇದನ್ನು ಬಹಳ ಜನ ಹೇಳುವುದಿಲ್ಲ. ಕೇಂಬ್ರಿಜ್ ಮಾಪಕದಲ್ಲಿ 180 ಬಂದರೆ ಸಿ1 ಮಟ್ಟ, 200 ಅಥವಾ ಹೆಚ್ಚು ಬಂದರೆ ಅದಕ್ಕೂ ಮೇಲಿನ ಸಿ2 ಮಟ್ಟ. 160ರಿಂದ 179 ಬಂದರೂ ಕೈ ಖಾಲಿ ಇರುವುದಿಲ್ಲ, ಸಿ1ಗಿಂತ ಒಂದು ಮೆಟ್ಟಿಲು ಕೆಳಗಿನ ಬಿ2 ಮಟ್ಟದ ಸರ್ಟಿಫಿಕೇಟ್ ಕೊಡುತ್ತಾರೆ. ಕೇಂಬ್ರಿಜ್ ಹೋಲಿಕೆಯ ಪ್ರಕಾರ ಐಇಎಲ್‌ಟಿಎಸ್ 6.5ಕ್ಕೆ ಸಮ 176, 7ಕ್ಕೆ 185. ನಿಮ್ಮ ಕೋರ್ಸ್ 176 ಕೇಳಿದ್ದರೆ 180 ಬರದಿದ್ದರೂ ಸೀಟಿಗೆ ಅರ್ಜಿ ಹಾಕಬಹುದು. ಆದರೆ ಒಟ್ಟು ಅಂಕದ ಜೊತೆ ಪ್ರತಿ ವಿಭಾಗದಲ್ಲೂ ಕನಿಷ್ಠ ಇಷ್ಟು ಅಂತ ಬಹಳ ಕಡೆ ಕೇಳುತ್ತಾರೆ. ಶುಲ್ಕ ಕಟ್ಟುವ ಮೊದಲೇ ಆ ಸಾಲು ಹುಡುಕಿ ಓದಿ.