ಜೊತೆಗೆ ಬಂದವರಿಗೂ ಒಂದು ಕ್ಲಾಸು

ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿ ಕ್ಯಾಂಪಸ್ಸಿನಲ್ಲಿ ಓದಿದ ನಮ್ಮ ಗುಂಪು ವರ್ಷಕ್ಕೊಮ್ಮೆ ಮೈಸೂರಿನಲ್ಲಿ ಸೇರುತ್ತದೆ. ಮೊದಲೆಲ್ಲ ಅದು ಊಟ, ಫೋಟೋ, ಹಾಸ್ಟೆಲ್ಲಿನ ಹಳೇ ಕತೆ, ಅಷ್ಟೇ. ನಮಗೆ ಖುಷಿ. ಜೊತೆಗೆ ಬಂದ ಹೆಂಡತಿ, ಗಂಡ, ಮಕ್ಕಳು ಮಾತ್ರ ಮೂಲೆಯಲ್ಲಿ ಕೂತು ಮೊಬೈಲ್ ನೋಡುತ್ತಿದ್ದರು. ಪಾಪ, ಯಾರದೋ ಹಾಸ್ಟೆಲ್ ಕತೆ ಎಷ್ಟು ಸಲ ಅಂತ ಕೇಳೋದು?

ಅಮೆರಿಕದಲ್ಲಿರುವ ಗೆಳೆಯನೊಬ್ಬ ಕಾರ್ನೆಲ್ ವಿಶ್ವವಿದ್ಯಾಲಯದ ವಿಷಯ ಹೇಳಿದ. ಅಲ್ಲಿ 1968ರಿಂದಲೇ ಬೇಸಿಗೆಯಲ್ಲಿ ಹಳೆಯ ವಿದ್ಯಾರ್ಥಿಗಳು ಸಂಸಾರ ಸಮೇತ ಬಂದು ಪಾಠ ಕೇಳುತ್ತಾರೆ. ದೊಡ್ಡವರಿಗೆ ಒಂದು ಕಡೆ, ಮಕ್ಕಳಿಗೆ ಇನ್ನೊಂದು ಕಡೆ. ನಮ್ಮಲ್ಲಿ ಅಷ್ಟು ಜನವೂ ಇಲ್ಲ, ದುಡ್ಡೂ ಇಲ್ಲ. ಹಾಗಾಗಿ ಶನಿವಾರ ಮಧ್ಯಾಹ್ನದಿಂದ ಭಾನುವಾರ ಸಂಜೆವರೆಗೆ, ಎಲ್ಲರಿಗೂ ಒಂದೇ ಕ್ಲಾಸು ಅಂತ ಮಾತಾಯಿತು. ಏರ್ಪಾಡು ನನ್ನ ಹೆಗಲಿಗೆ ಬಿತ್ತು.

ಮೈಸೂರು ವಿಶ್ವವಿದ್ಯಾಲಯಕ್ಕೆ ಇದು ಪೂರ್ತಿ ಹೊಸದೂ ಅಲ್ಲ. ಹಿಂದೆ ಪ್ರಚಾರೋಪನ್ಯಾಸ ಅಂತಲೇ ಇತ್ತು. ಮೇಷ್ಟ್ರುಗಳು ಊರೂರಿಗೆ ಹೋಗಿ ಜನಕ್ಕೆ ತಿಳಿಯುವ ಕನ್ನಡದಲ್ಲಿ ಮಾತಾಡಿ ಬರುತ್ತಿದ್ದರು. ಆ ಮಾತುಗಳೇ ಸಣ್ಣ ಪುಸ್ತಕಗಳಾಗಿ ಬರುತ್ತಿದ್ದವು. ನಮ್ಮ ತಾತನ ಟ್ರಂಕಿನಲ್ಲೂ ಒಂದೆರಡು ಇದ್ದವು. ಒಂದು ವಿಷಯವನ್ನು ಅದನ್ನು ಓದಿರದವರಿಗೆ ಹೇಳುವುದು ಹೇಗೆ ಅನ್ನೋದಕ್ಕೆ ನನಗೆ ಅವೇ ಮಾದರಿ.

ವಿಷಯ ಆರಿಸುವಾಗ ಜಗ್ಗಾಟವಾಯಿತು. ಷೇರು ಮಾರುಕಟ್ಟೆ ಇರಲಿ ಅಂತ ಒಬ್ಬ, ಒತ್ತಡ ನಿವಾರಣೆ ಅಂತ ಇನ್ನೊಬ್ಬ. ಅವೆಲ್ಲ ಮನೆಯಲ್ಲೇ ಯೂಟ್ಯೂಬಿನಲ್ಲಿ ಸಿಗುತ್ತವೆ ಅಲ್ವಾ? ಮೈಸೂರಿಗೆ ಬಂದರಷ್ಟೇ ನೋಡೋಕೆ ಸಿಗುವಂಥದ್ದು ಬೇಕು, ನಮ್ಮ ಜೊತೆ ಓದದವರಿಗೂ ಅದರಲ್ಲಿ ಕೈಯಾಡಿಸಲು ಏನಾದರೂ ಇರಬೇಕು ಅಂತ ಪಟ್ಟು ಹಿಡಿದೆ. ಕೊನೆಗೆ ಓಲೆಗರಿ, ಅಂದರೆ ಹಿಂದಿನವರು ಕಾಗದದ ಬದಲು ಬರೆಯುತ್ತಿದ್ದ ತಾಳೆಗರಿ ಅಂತ ಒಪ್ಪಿಗೆಯಾಯಿತು.

ಯಾಕೆಂದರೆ ಹಳೇ ಓಲೆಗರಿ ಗ್ರಂಥಗಳನ್ನು ಕಾಪಾಡಿಟ್ಟಿರುವ ಪ್ರಾಚ್ಯವಿದ್ಯಾ ಸಂಶೋಧನಾಲಯ ಇಲ್ಲೇ ಇದೆ. 1891ರಲ್ಲಿ ಶುರುವಾದದ್ದು. ಹೆಸರಷ್ಟೇ ಉಳಿದಿದ್ದ ಕೌಟಿಲ್ಯನ ಅರ್ಥಶಾಸ್ತ್ರದ ಪೂರ್ತಿ ಪ್ರತಿ ಆರ್. ಶಾಮಶಾಸ್ತ್ರಿಗಳ ಕೈಗೆ ಸಿಕ್ಕಿದ್ದು ಇಲ್ಲೇ. 1909ರಲ್ಲಿ ಅವರು ಅದನ್ನು ಅಚ್ಚು ಹಾಕಿಸಿದರು. ಇಂಥ ಕಡೆ ಹೋಗಬೇಕಾದರೆ ಮೊದಲೇ ಕಾಗದ ಬರೆದು ಅನುಮತಿ ತಗೊಳ್ಳಬೇಕು, ಸಣ್ಣ ಸಣ್ಣ ತಂಡವಾಗಿ ಒಳಗೆ ಹೋಗಬೇಕು. ಹಳೇ ಗರಿಗಳನ್ನು ನೋಡಬಹುದು, ಮುಟ್ಟೋ ಹಾಗಿಲ್ಲ. ಮಕ್ಕಳಿಗೆ ಬರೀ ನೋಡೋದು ಸಾಲದು. ಅದಕ್ಕೇ ಪಾಠ ಮಾಡಿದ ನಿವೃತ್ತ ಮೇಷ್ಟ್ರು ಖಾಲಿ ಗರಿಗಳನ್ನೂ ಕಂಠವನ್ನೂ ತಂದಿದ್ದರು. ಗರಿಯ ಮೇಲೆ ಅಕ್ಷರ ಕೊರೆಯುವ ಕಬ್ಬಿಣದ ಮೊನೆಗೇ ಕಂಠ ಅನ್ನೋದು.

ಆರನೇ ಕ್ಲಾಸಿನ ಹುಡುಗಿಯೊಬ್ಬಳು ತನ್ನ ಹೆಸರು ಕೊರೆದಳು. ಏನೂ ಕಾಣಲಿಲ್ಲ. "ಅಜ್ಜ, ಬರೀತಾನೇ ಇಲ್ಲ ಇದು" ಅಂದಳು. ಮೇಷ್ಟ್ರು ದೀಪದ ಮಸಿಗೆ ಎಣ್ಣೆ ಕಲಸಿ ಗರಿಗೆಲ್ಲ ಬಳಿದರು. ಗರಿ ಪೂರಾ ಕಪ್ಪಾಯಿತು. ಅವಳ ಮುಖ ಸಣ್ಣಗಾಯಿತು. ಆಮೇಲೆ ಬಟ್ಟೆಯಿಂದ ಒರೆಸಿದರು ನೋಡಿ, ಕೊರೆದ ಗೆರೆಯಲ್ಲಿ ಮಾತ್ರ ಮಸಿ ನಿಂತು ಹೆಸರು ಎದ್ದು ಬಂತು. ಎಲ್ಲರೂ ಗರಿಗೆ ಕೈ ಚಾಚಿದರು.

ಪ್ರತಿ ವರ್ಷ ಮೂಲೆ ಹಿಡಿಯುತ್ತಿದ್ದ ಅವಳ ಅಮ್ಮ ಬ್ಯಾಂಕಿನಲ್ಲಿ ಕೆಲಸದಲ್ಲಿದ್ದಾರೆ. "ಪೋಣಿಸಿದ ದಾರ ಕಿತ್ತು ಗರಿಗಳು ಚೆಲ್ಲಾಪಿಲ್ಲಿಯಾದರೆ ಏನು ಗತಿ ಸಾರ್?" ಅಂತ ಕೇಳಿದರು. ಗರಿಯ ಅಂಚಿನಲ್ಲಿ ಅಂಕಿ ಹಾಕಿರುತ್ತಾರೆ, ಅಂಚು ಹುಳ ತಿಂದಿದ್ದರೆ ವಿಷಯ ಓದಿಯೇ ಜೋಡಿಸಬೇಕು ಅಂತ ಶುರುವಾದ ಮಾತು ಕಾಫಿ ಆರಿದರೂ ಮುಗಿಯಲಿಲ್ಲ. ಅವತ್ತಿನ ಒಳ್ಳೇ ಪ್ರಶ್ನೆ ಅದೇ. ಎಂ.ಎ. ಮಾಡಿದ ನಮ್ಮ ಯಾರಿಗೂ ಅದು ಹೊಳೆದಿರಲಿಲ್ಲ.

ಭಾನುವಾರ ಬೆಳಗ್ಗೆ ಕುಕ್ಕರಹಳ್ಳಿ ಕೆರೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು, ಕ್ಯಾಂಪಸ್ಸಿನ ಪಕ್ಕದಲ್ಲೇ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ನೋಡಿಕೊಂಡು ಏರಿಯ ಮೇಲೆ ನಡೆದೆವು. ಮಂಡಿನೋವಿನವರಿಗೆ ಬೆಂಚುಗಳಿದ್ದವು.

ಇಂಥದ್ದು ಮಾಡಬೇಕು ಅನ್ನುವವರಿಗೆ ಒಂದೆರಡು ಮಾತು. ದುಡ್ಡು ತಲೆಗಿಷ್ಟು ಅಂತ ಬೇಡ, ಮನೆಗಿಷ್ಟು ಅಂತ ಇಡಿ. ತಲೆಗಿಷ್ಟು ಅಂದರೆ ಅತ್ತೆ ಮಾವನನ್ನು ಮನೆಯಲ್ಲೇ ಬಿಟ್ಟು ಬರುತ್ತಾರೆ. ಪೂರ್ತಿ ಫ್ರೀ ಅಂತೂ ಮಾಡಲೇಬೇಡಿ. ವಾಟ್ಸಾಪ್ ಗ್ರೂಪಿನಲ್ಲಿ ಬರ್ತೀನಿ ಅಂತ ಹೆಬ್ಬೆರಳು ಒತ್ತಿದವರಲ್ಲಿ ಅರ್ಧ ಜನ ಬರಲ್ಲ, ಮಾಡಿಸಿದ ಊಟ ಉಳಿಯುತ್ತದೆ. ಊಟವಾದ ಮೇಲೆ ಭಾಷಣ ಬೇಡ, ಕೈಕೆಲಸವಿರಲಿ. ಸಕ್ಕರೆ ಕಾಯಿಲೆಯವರು ಇದ್ದೇ ಇರುತ್ತಾರೆ, ಊಟದ ಹೊತ್ತು ತಪ್ಪಿಸಬೇಡಿ.

ಇನ್ನು ಪ್ರಾರ್ಥನೆ, ಸ್ವಾಗತ, ಪರಿಚಯ, ಸನ್ಮಾನ, ವಂದನಾರ್ಪಣೆ. ಇವಿಷ್ಟನ್ನೂ ಕೈಬಿಟ್ಟೆವು. "ಶಾಲು ಹೊದಿಸದಿದ್ರೆ ಮೇಷ್ಟ್ರು ಬೇಜಾರು ಮಾಡ್ಕೊಳ್ಳಲ್ವೇನೋ?" ಅಂತ ನಮ್ಮ ಹಿರಿಯ ಮಿತ್ರರೊಬ್ಬರಿಗೆ ಚಿಂತೆ. ಸುಮ್ನೆ ಮೇಷ್ಟ್ರನ್ನೇ ಕೇಳಿದೆ. "ಶಾಲು ಬೀರು ತುಂಬ ಇದೆ ಮಾರಾಯ, ಗರಿ ಒರೆಸೋಕೆ ಹಳೇ ಪಂಚೆ ಇದ್ರೆ ತಗೊಂಬಾ" ಅಂದರು.

ಮುಂದಿನ ವಿಷಯ ಕನ್ನಂಬಾಡಿ ಕಟ್ಟೆ. 1911ರಲ್ಲಿ ಶುರುವಾದ ಕಟ್ಟೆಗೆ ಸಿಮೆಂಟಿನ ಬದಲು ಸುರ್ಕಿ ಗಾರೆ, ಅಂದರೆ ಸುಣ್ಣಕ್ಕೆ ಇಟ್ಟಿಗೆ ಪುಡಿ ಕಲಸಿದ ಗಾರೆ ಹಾಕಿ ಹೇಗೆ ನಿಲ್ಲಿಸಿದರು ಅನ್ನೋದು ಪಾಠ. ಹೇಳಿಕೊಡುವವರು ಗೆಳೆಯನ ಸೊಸೆ, ಸಿವಿಲ್ ಎಂಜಿನಿಯರ್. ಗಂಗೋತ್ರಿಯಲ್ಲಿ ಓದಿದವರಲ್ಲ. ಒಂದು ಗಂಟೆ ಬೇಕು ಅಂತಿದ್ದಾರೆ, ನಾನು ಅರ್ಧ ಗಂಟೆ ಅಂದಿದ್ದೇನೆ. ಚೌಕಾಸಿ ಇನ್ನೂ ನಡೀತಿದೆ.